ಹಾವಸೆ ಕಟ್ಟಿದ ಅಂಗಳ, ಎಪ್ಪತ್ತೊಂಬತ್ತರ ದೊಡ್ಡಮ್ಮ

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಅರವತ್ತು ಕಿಲೋಮೀಟರ್ ಆಸುಪಾಸು. ಗಾಜನೂರಿನ ತುಂಗಾ ಅಣೆಕಟ್ಟು, ಸಕ್ರೆಬೈಲಿನ ಆನೆ ಬಿಡಾರ, ಹಕ್ಕಿಗಳ ಮಂಡಗದ್ದೆ ಎಲ್ಲವೂ ಇದೇ ದಾರಿಯಲ್ಲಿ ಸಿಗುತ್ತವೆ. ಬೇಸಗೆಯಲ್ಲಿ ಬಂದವರು ಅಲ್ಲಲ್ಲಿ ಇಳಿದು ಫೋಟೊ ತೆಗೆಸಿಕೊಂಡು ಮುಂದೆ ಹೋಗುತ್ತಾರೆ. ಆಷಾಢದಲ್ಲಿ ಬಂದವರಿಗೆ ಆ ಭಾಗ್ಯ ಇಲ್ಲ. ಕಿಟಕಿ ಮುಚ್ಚಿಕೊಂಡು, ಮುಂದಿನ ಸೀಟಿನವರ ಕೊಡೆಯಿಂದ ಇಳಿಯುವ ನೀರಿಗೆ ಕಾಲು ಒದ್ದೆ ಮಾಡಿಕೊಂಡು ಕೂರಬೇಕು. ತೀರ್ಥಹಳ್ಳಿಯಿಂದ ಮುಂದೆ ಮೂವತ್ತು ಚಿಲ್ಲರೆ ಕಿಲೋಮೀಟರಿಗೆ ಆಗುಂಬೆ. ಅಲ್ಲಿ ವರ್ಷಕ್ಕೆ ಬೀಳುವ ಮಳೆ 7000 ಮಿಲಿಮೀಟರಿನ ಆಚೀಚೆ. ಅಷ್ಟಲ್ಲದಿದ್ದರೂ ಅದರ ಪಾಲು ಸುತ್ತಲಿನ ಊರುಗಳಿಗೆ ಧಾರಾಳವಾಗಿಯೇ ಸಿಗುತ್ತದೆ.

ಈ ಮಳೆಯಲ್ಲಿ ಎಲ್ಲಕ್ಕಿಂತ ಬೇಗ ಬೆಳೆಯುವುದು ಭತ್ತವೂ ಅಲ್ಲ, ಅಡಿಕೆಯೂ ಅಲ್ಲ, ಹಾವಸೆ. ಪೇಟೆಯವರು ಪಾಚಿ ಅನ್ನುತ್ತಾರಲ್ಲ, ಅದು. ಅಂಗಳದ ಕಲ್ಲಿನ ಮೇಲೆ, ಮೆಟ್ಟಿಲ ಮೂಲೆಯಲ್ಲಿ, ಬಾವಿಕಟ್ಟೆಯ ಸುತ್ತ, ತುಂಗೆಯ ಸೋಪಾನಗಳ ಮೇಲೆ ಎಲ್ಲೆಲ್ಲೂ ಹಸಿರು ಮಖಮಲ್ಲು. ನೋಡಲು ಬಹಳ ಚೆಂದ. ಇನ್‌ಸ್ಟಾಗ್ರಾಮಿನಲ್ಲಿ ಇನ್ನೂ ಚೆಂದ. ಆದರೆ ನಾನು ಇಪ್ಪತ್ತೆರಡು ವರ್ಷದಿಂದ ಫಿಸಿಯೋಥೆರಪಿಸ್ಟ್. ಸೊಂಟದ ಮೂಳೆ ಮುರಿದು ಆಪರೇಷನ್ ಆದವರನ್ನು ಎಬ್ಬಿಸಿ ನಿಲ್ಲಿಸುವುದು, ವಾಕರ್ ಹಿಡಿಸಿ ನಾಲ್ಕು ಹೆಜ್ಜೆ ಹಾಕಿಸುವುದು ನನ್ನ ದಿನದ ಕೆಲಸ. ಹಾಗಾಗಿ ಹಸಿರು ಅಂಗಳ ಕಂಡರೆ ನನ್ನ ಕಣ್ಣು ಮೊದಲು ಹುಡುಕುವುದು, ಇಲ್ಲಿ ಕೈಗೆ ಹಿಡಿದುಕೊಳ್ಳಲು ಏನಿದೆ ಅಂತ.

ದೊಡ್ಡಮ್ಮನ ಮನೆ ಇರುವುದು ತೀರ್ಥಹಳ್ಳಿಯಿಂದ ಕೊಪ್ಪದ ಕಡೆ ಹೋಗುವ ರಸ್ತೆಯಿಂದ ಒಳಗೆ. ಬಸ್ಸಿಳಿದು ಮಣ್ಣು ರಸ್ತೆಯಲ್ಲಿ ಒಂದೂವರೆ ಕಿಲೋಮೀಟರ್ ನಡೆಯಬೇಕು, ಒಂದು ಸಂಕ ದಾಟಬೇಕು. ನೂರು ವರ್ಷ ದಾಟಿದ ತೊಟ್ಟಿಮನೆ. ಮನೆಯಲ್ಲಿ ಈಗ ಇಬ್ಬರೇ. ದೊಡ್ಡಮ್ಮನಿಗೆ 79, ದೊಡ್ಡಪ್ಪನಿಗೆ 84. ಕೊಟ್ಟಿಗೆಯಲ್ಲಿ ಒಂದು ಹಸು, ಒಂದು ಕರು. ಬೆಳಗ್ಗೆ ಒಬ್ಬ ಆಳು ಬಂದು ಹುಲ್ಲು ಹಾಕಿ, ಸಗಣಿ ಬಾಚಿ ಹೋಗುತ್ತಾನೆ. ಮಗ, ಅಂದರೆ ನನ್ನ ಅಣ್ಣ, ಬೆಂಗಳೂರಿನಲ್ಲಿ. ಮಗಳು ಪುಣೆಯಲ್ಲಿ.

ಹೋದ ವರ್ಷ ಶ್ರಾವಣದಲ್ಲಿ ದೊಡ್ಡಮ್ಮ ಹಿತ್ತಲ ಬಾಗಿಲಿನಿಂದ ಕೊಟ್ಟಿಗೆಗೆ ಹೋಗುವಾಗ ಜಾರಿ ಬಿದ್ದು ಎಡಗೈ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್. ಅಣ್ಣ ಬಂದು ಬೆಂಗಳೂರಿಗೆ ಕರೆದುಕೊಂಡು ಹೋದ. ಹನ್ನೊಂದನೇ ಮಹಡಿಯ ಫ್ಲಾಟು, ಲಿಫ್ಟು, ಇಪ್ಪತ್ನಾಲ್ಕು ಗಂಟೆ ಕರೆಂಟು, ಸೆಕ್ಯುರಿಟಿ. ಇಪ್ಪತ್ತು ದಿನ ಕಳೆಯುವಷ್ಟರಲ್ಲಿ ಅಲ್ಲಿಯ ಬಾತ್‌ರೂಮಿನ ನುಣುಪು ಟೈಲ್ಸಿನ ಮೇಲೆ ಮ್ಯಾಟು ಸರಿದು ಮತ್ತೊಮ್ಮೆ ಕೂತುಬಿಟ್ಟರು. ಪುಣ್ಯಕ್ಕೆ ಏನೂ ಮುರಿಯಲಿಲ್ಲ. "ಅಲ್ಲೂ ಬೀಳೋದೇ ಆದ್ರೆ ನಮ್ಮನೇಲೇ ಬೀಳ್ತೀನಿ ಮಾರಾಯ, ಮಣ್ಣಾದ್ರೂ ನಮ್ದು" ಅಂತ ಹಟ ಹಿಡಿದು ವಾಪಸು ಬಂದರು. ಅಣ್ಣ ಬಿಟ್ಟ, ಆದರೆ ಒಂದು ಷರತ್ತು ಹಾಕಿದ. ಇನ್ನೊಂದು ಸಲ ಬಿದ್ದರೆ ಹಸು ಮಾರಿ, ಮನೆಗೆ ಬೀಗ ಹಾಕಿ, ಇಬ್ಬರೂ ಬೆಂಗಳೂರಿಗೆ.

ಮಳೆ ಶುರುವಾದ ಮೇಲೆ ಒಂದು ವಾರ ಅಲ್ಲಿದ್ದು ಮನೆ ನೋಡಿ ಬಾ ಅಂತ ನನ್ನನ್ನು ಕಳಿಸಿದವನೂ ಅವನೇ. ಅವನ ಲೆಕ್ಕದಲ್ಲಿ ನಾನು ಬೀಗ ಹಾಕುವುದಕ್ಕೆ ಸರ್ಟಿಫಿಕೇಟು ಕೊಡಬೇಕಿತ್ತು ಅಂತ ಕಾಣುತ್ತದೆ.

ಮಲೆನಾಡಿನ ಹಳೇ ಮನೆ ನೋಡಿಲ್ಲದವರಿಗೆ ಸ್ವಲ್ಪ ಹೇಳಬೇಕು. ಅಂಗಳದಿಂದ ಎರಡು ಮೆಟ್ಟಿಲು ಹತ್ತಿದರೆ ಜಗಲಿ. ಜಗಲಿಯಿಂದ ಹೆಬ್ಬಾಗಿಲು, ಅದಕ್ಕೊಂದು ಮೊಳಕಾಲಿನ ಅರ್ಧಕ್ಕೆ ಬರುವ ಹೊಸಿಲು. ಮೇಲಿನ ದಾರಂದ ತಗ್ಗು. ಅಂದರೆ ಕಾಲು ಎತ್ತಬೇಕು, ಅದೇ ಹೊತ್ತಿಗೆ ತಲೆ ಬಗ್ಗಿಸಬೇಕು. ಮೂವತ್ತರಲ್ಲಿ ಇದು ವಿನಯ. ಎಂಬತ್ತರಲ್ಲಿ ಇದು ಸರ್ಕಸ್ಸು. ಒಂದು ಕಾಲ ಮೇಲೆ ನಿಂತು ತಲೆಯನ್ನೂ ಬಗ್ಗಿಸಿದರೆ ಒಳಕಿವಿಯ ಸಮತೋಲನಕ್ಕೂ ಕಣ್ಣಿಗೂ ಒಟ್ಟೊಟ್ಟಿಗೆ ಗೊಂದಲವಾಗುತ್ತದೆ. ಒಳಗೆ ಹೋದರೆ ನಡುವೆ ತೊಟ್ಟಿ, ಆಕಾಶಕ್ಕೆ ತೆರೆದದ್ದು. ಸುತ್ತ ಕೆಂಪು ಗಾರೆ ನೆಲ. ಗಾಳಿ ಬೀಸಿದರೆ ಇರಚಲು ಹೊಡೆದು ತೊಟ್ಟಿಯ ಅಂಚಿನಿಂದ ಎರಡಡಿ ಒಳಗಿನವರೆಗೆ ನೆಲ ತೇವ. ಆ ನೆಲ ತೇವವಾದಾಗ ಗಾಜಿನ ಹಾಗೆ.

ಇದೇ ಬಗೆಯ ಮನೆಯನ್ನು ಪ್ರವಾಸಿಗರು ನೋಡುವುದು ಕುಪ್ಪಳಿಯಲ್ಲಿ. ಮಳೆ ಬಿಟ್ಟ ಒಂದು ಮಧ್ಯಾಹ್ನ ದೊಡ್ಡಪ್ಪನಿಗೆ ಅಲ್ಲಿಗೆ ಹೋಗಿಬರುವ ಮನಸ್ಸಾಯಿತು. ಆಟೋದಲ್ಲಿ ಮೂವರೂ ಹೋದೆವು. ಕುವೆಂಪು ಅವರ ಮನೆ ಈಗ ಮ್ಯೂಸಿಯಂ. ಮರದ ಕಂಬಗಳು, ತೊಟ್ಟಿ, ಕಡಿದಾದ ಮರದ ಮೆಟ್ಟಿಲು, ಮೇಲೆ ಮತ್ತೆ ಅಂತಸ್ತು. ಕಾಲೇಜಿನ ಹುಡುಗರು ಒಂದು ಕೈಯಲ್ಲಿ ಮೊಬೈಲ್ ಹಿಡಿದು ದಡದಡ ಇಳಿಯುತ್ತಿದ್ದರು. ದೊಡ್ಡಪ್ಪ ಮೇಲೆ ಹತ್ತಲಿಲ್ಲ. ಕೆಳಗೇ ಕೂತು ಕಂಬಗಳನ್ನು ನೋಡುತ್ತಾ, "ಆಗಿನ ಕಾಲದಲ್ಲಿ ಮುದುಕರು ಇಂಥ ಮನೇಲಿ ಹ್ಯಾಗೆ ಇದ್ರು ಗೊತ್ತಾ? ಕಂಬದಿಂದ ಕಂಬಕ್ಕೆ ಇದ್ರು" ಅಂದರು. ನನಗೆ ಈ ಮಾತು ಬಹಳ ಹಿಡಿಸಿತು. ಹಳೇ ಮನೆ ಅಪಾಯ, ಹೊಸ ಮನೆ ಸುರಕ್ಷಿತ ಅನ್ನುವುದು ಪೂರ್ತಿ ನಿಜವಲ್ಲ. ತೊಟ್ಟಿಮನೆಯಲ್ಲಿ ಹತ್ತು ಹೆಜ್ಜೆಗೊಂದು ಕಂಬ ಇದೆ. ಅಟ್ಟದ ಏಣಿಮೆಟ್ಟಿಲಿಗೆ ಹಿಡಿದುಕೊಳ್ಳಲು ಮೇಲಿಂದ ಇಳಿಬಿಟ್ಟ ಹಗ್ಗ ಇದೆ. ಮಳೆಗಾಲಕ್ಕೆ ಅಂಗಳಕ್ಕೆ ಅಡಿಕೆ ಸೋಗೆ ಹಾಸುವ ರೂಢಿ ಇದೆ. ಹೊಸಿಲಿಗೆ ಕೆಮ್ಮಣ್ಣು ಬಳಿದು ಮೇಲೆ ಬಿಳಿ ರಂಗೋಲಿ ಎಳೆಯುತ್ತಿದ್ದರಲ್ಲ, ಮಬ್ಬು ಕಣ್ಣಿಗೆ ಅಂಚು ಎಲ್ಲಿದೆ ಅಂತ ತೋರಿಸಲು ಅದಕ್ಕಿಂತ ಒಳ್ಳೆಯ ಉಪಾಯ ನಮ್ಮ ಆಸ್ಪತ್ರೆಯಲ್ಲೂ ಇಲ್ಲ. ನಾವು ಮೆಟ್ಟಿಲಿನ ತುದಿಗೆ ಹಳದಿ ಟೇಪು ಅಂಟಿಸುತ್ತೇವೆ, ಅಷ್ಟೆ. ತೊಂದರೆ ಆಗಿರುವುದು ಸೋಗೆ ಹಾಸುವ ಆಳು ಇಲ್ಲದ್ದರಿಂದ, ರಂಗೋಲಿ ಎಳೆಯಲು ಬಗ್ಗಲಾಗದ್ದರಿಂದ.

ಮನೆಗೆ ಬಂದ ಎರಡನೇ ದಿನ ಜಗಲಿಯಲ್ಲಿ ಇಬ್ಬರಿಗೂ ಪರೀಕ್ಷೆ ಮಾಡಿದೆ. ಇದನ್ನು ಯಾರು ಬೇಕಾದರೂ ಮನೆಯಲ್ಲಿ ಮಾಡಬಹುದು. ಕುರ್ಚಿಯಲ್ಲಿ ಕೂತವರು ಎದ್ದು, 3 ಮೀಟರ್ ಮಾಮೂಲು ವೇಗದಲ್ಲಿ ನಡೆದು, ತಿರುಗಿ ಬಂದು ಮತ್ತೆ ಕೂರಬೇಕು. 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬೀಳುವ ಅಪಾಯ ಇದೆ ಅಂತ ಲೆಕ್ಕ. ಪರೀಕ್ಷೆ ಮಾಡುವವರು ಪಕ್ಕದಲ್ಲೇ ಇರಬೇಕು. ದೊಡ್ಡಮ್ಮ 11 ಸೆಕೆಂಡಿಗೆ ಬಂದು ಕೂತು, ಗೆದ್ದವರ ಹಾಗೆ ನೋಡಿದರು. ದೊಡ್ಡಪ್ಪನಿಗೆ 17. ಎಲ್ಲರ ಚಿಂತೆ ದೊಡ್ಡಮ್ಮನ ಮೇಲೆ, ನಿಜವಾಗಿ ಹೆಚ್ಚು ನಾಜೂಕಿನಲ್ಲಿರುವವರು ದೊಡ್ಡಪ್ಪ! ತಿರುಗುವಾಗ ಅವರು ಹಾಕುವ ಸಣ್ಣ ಸಣ್ಣ ಹೆಜ್ಜೆ ನೋಡಿದಾಗಲೇ ನನಗೆ ಗೊತ್ತಾಯಿತು.

ಆಮೇಲೆ ದೊಡ್ಡಮ್ಮನ ಮಂಡಿ ನೋಡಲು ಸೀರೆ ಸ್ವಲ್ಪ ಮೇಲೆತ್ತಿ ಅಂದೆ. ಎಡ ಮೊಳಕಾಲಿನ ಕೆಳಗೆ ಅಂಗೈಯಗಲದ ಕಲೆ. ನೀಲಿ ಹೋಗಿ ಹಳದಿಗೆ ತಿರುಗಿತ್ತು. ಎರಡು ವಾರದ್ದು ಇರಬಹುದು.

"ಇದೆಂತದು ದೊಡ್ಡಮ್ಮ?"

"ಎಂತದೂ ಇಲ್ಲ. ಹಸು ಒದ್ದದ್ದು."

"ಹಸು ಇಲ್ಲಿಗೆ ಒದೆಯಲ್ಲ. ಬಿದ್ಯಾ?"

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಸೀರೆ ಸರಿಮಾಡಿಕೊಂಡು, "ನಿಮ್ಮಣ್ಣನಿಗೆ ಹೇಳ್ಬೇಡ ಕಣೆ. ಹೇಳಿದ್ರೆ ನಾಳೆನೇ ಬಂದು ಹಸು ಹೊಡ್ಕೊಂಡು ಹೋಗ್ತಾನೆ" ಅಂದರು.

ಇದು ನನಗೆ ಹೊಸದಲ್ಲ. ಆಸ್ಪತ್ರೆಗೆ ಬರುವ ಹಿರಿಯರನ್ನು ಕೇಳಿ ನೋಡಿ, ಮೂಳೆ ಮುರಿದ ಬೀಳುವಿಕೆ ಅವರ ಮೊದಲನೆಯದ್ದಾಗಿರುವುದು ಅಪರೂಪ. ಅದಕ್ಕೆ ಮೊದಲು ಎರಡೋ ಮೂರೋ ಸಲ ಬಿದ್ದಿರುತ್ತಾರೆ, ಎದ್ದಿರುತ್ತಾರೆ, ಮಕ್ಕಳಿಗೆ ಹೇಳಿರುವುದಿಲ್ಲ. ಬೈಯುತ್ತಾರೆ ಅಂತ ಅಲ್ಲ. ಇದ್ದ ಜಾಗ ತಪ್ಪಿಹೋಗುತ್ತದೆ ಅಂತ. ಇನ್ನು ಬಿದ್ದ ಹೆದರಿಕೆಗೆ ಕೆಲವರು ಓಡಾಟವನ್ನೇ ಬಿಡುತ್ತಾರೆ. ಓಡಾಟ ಬಿಟ್ಟರೆ ತೊಡೆಯ ಸ್ನಾಯು ಸೊರಗುತ್ತದೆ, ಸ್ನಾಯು ಸೊರಗಿದರೆ ಮತ್ತೆ ಬೀಳುತ್ತಾರೆ. "ಅಮ್ಮಾ, ನೀನು ಸುಮ್ನೆ ಒಂದ್ಕಡೆ ಕೂತ್ಕೋ" ಅನ್ನುವ ಮಕ್ಕಳ ಪ್ರೀತಿ ಹೀಗೆ ತಿರುಗಿ ಹೊಡೆಯುತ್ತದೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6 ಲಕ್ಷ 84 ಸಾವಿರ ಜನ ಬಿದ್ದು ಸಾಯುತ್ತಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಆಕಸ್ಮಿಕ ಗಾಯಗಳಿಂದಾಗುವ ಸಾವಿನಲ್ಲಿ ರಸ್ತೆ ಅಪಘಾತ ಬಿಟ್ಟರೆ ಎರಡನೇ ಸ್ಥಾನ ಇದಕ್ಕೇ. ಅದರಲ್ಲಿ ಅರವತ್ತು ದಾಟಿದವರದೇ ದೊಡ್ಡ ಪಾಲು.

"ಹೇಳಲೇಬೇಕಾಗುತ್ತೆ ದೊಡ್ಡಮ್ಮ, ಆದರೆ ಈ ವಾರ ಎಲ್ಲ ಸರಿಮಾಡಿ, ಏನೇನು ಮಾಡಿದ್ವಿ ಅಂತನೂ ಸೇರಿಸಿ ಹೇಳ್ತೀನಿ" ಅಂದೆ. ದೊಡ್ಡಮ್ಮ ಆ ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ರಾತ್ರಿ ಊಟಕ್ಕೆ ಮಾತ್ರ ಕಳಲೆ ಪಲ್ಯ ಇತ್ತು. ಅದು ರಾಜಿಯ ಲಕ್ಷಣ.

ಮೊದಲು ಹಿತ್ತಲ ದಾರಿ. ಹಿಂಬಾಗಿಲಿನಿಂದ ಕೊಟ್ಟಿಗೆಗೆ ಹದಿನೆಂಟು ಹೆಜ್ಜೆ. ಆಳಿಗೆ ಹೇಳಿ ತಂತಿ ಬ್ರಷ್ಷಿನಲ್ಲಿ ಕಲ್ಲು ಉಜ್ಜಿಸಿ, ಬ್ಲೀಚಿಂಗ್ ಪೌಡರ್ ಹಾಕಿಸಿ ತೊಳೆಸಿದೆವು. ಹಸು ಓಡಾಡುವ ಜಾಗವಾದ್ದರಿಂದ ಚೆನ್ನಾಗಿ ನೀರು ಹೊಯ್ದು, ಪೂರ್ತಿ ಹೋಗುವ ತನಕ ಹಸುವನ್ನು ಆ ಕಡೆ ಬಿಡಲಿಲ್ಲ. ಈ ಉಜ್ಜುವುದು ಒಂದು ಸಲದ ಕೆಲಸವಲ್ಲ, ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಆಗಬೇಕು. ಅದಕ್ಕೆ ಆಳಿಗೆ ಬೇರೆ ಸಂಬಳ ಅಂತ ಗೊತ್ತುಮಾಡಿದ್ದಾಯಿತು. ದಾರಿಯ ಒಂದು ಬದಿಗೆ ಗೂಟ ಹೊಡೆದು ಸೊಂಟದೆತ್ತರಕ್ಕೆ ಬಿದಿರಿನ ಗಳ ಕಟ್ಟಿಸಿದೆವು. ಖರ್ಚು ಹೆಚ್ಚುಕಡಿಮೆ ಇಲ್ಲ, ಬಿದಿರು ಹಿತ್ತಲಿನದೇ. ದೊಡ್ಡಮ್ಮ ಕೊಟ್ಟಿಗೆಗೆ ಹೋಗುವುದು ಒಂದು ಕೈಯಲ್ಲಿ ಹಾಲಿನ ಪಾತ್ರೆ, ಇನ್ನೊಂದರಲ್ಲಿ ಕೊಡೆ. ಗಳ ಹಿಡಿಯಲು ಮೂರನೇ ಕೈ ಎಲ್ಲಿಂದ ತರುವುದು? ಕೊನೆಗೆ ಕೊಡೆ ಬದಲು ತಲೆಗೆ ರೇನ್‌ಕೋಟಿನ ಟೊಪ್ಪಿ ಅಂತ ಒಪ್ಪಂದವಾಯಿತು. ಗೊರಬಲೇ ಆಗಬಹುದು ಅಂದರು ದೊಡ್ಡಪ್ಪ, ಅಟ್ಟದಲ್ಲಿದ್ದದ್ದು ಗೆದ್ದಲು ಹಿಡಿದಿತ್ತು.

ಚಪ್ಪಲಿ ಇನ್ನೊಂದು. ಅವರ ಹವಾಯಿ ಚಪ್ಪಲಿ ಹಿಮ್ಮಡಿಯ ಜಾಗದಲ್ಲಿ ಸವೆದು ಕನ್ನಡಿಯಾಗಿತ್ತು. "ಇನ್ನೂ ಬಾರ್ ಗಟ್ಟಿ ಇದೆ" ಅನ್ನುವುದು ಅವರ ವಾದ. ಬಾರ್ ಗಟ್ಟಿ ಇದ್ದರೆ ಸಾಲದು, ಅಡಿಯಲ್ಲಿ ಗೆರೆ ಇರಬೇಕು, ಹಿಮ್ಮಡಿ ಹಿಡಿಯುವ ಪಟ್ಟಿ ಇರಬೇಕು. ತೀರ್ಥಹಳ್ಳಿ ಪೇಟೆಯಿಂದ ಇಬ್ಬರಿಗೂ ತಂದೆ.

ಒಳಗೆ ಬಂದರೆ ಗೋಣಿಚೀಲದ ಪುರಾಣ. ಮಳೆಗಾಲದಲ್ಲಿ ಪ್ರತಿ ಬಾಗಿಲಿಗೂ ಕಾಲೊರೆಸಲು ಒಂದು ಗೋಣಿಚೀಲ, ಅದು ಒದ್ದೆಯಾದರೆ ಅದರ ಮೇಲೆ ಇನ್ನೊಂದು. ಮೂಲೆ ಮಡಚಿರುತ್ತದೆ, ನೂಲು ಬಿಚ್ಚಿ ಹೆಬ್ಬೆರಳಿಗೆ ಸಿಕ್ಕಿಕೊಳ್ಳುತ್ತದೆ. ಏಳು ಬಾಗಿಲಿನಲ್ಲಿ ಐದರದ್ದು ತೆಗೆಸಿದೆ. ಉಳಿದೆರಡಕ್ಕೆ ಅಡಿಯಲ್ಲಿ ರಬ್ಬರ್ ಇರುವ ಮ್ಯಾಟು. ತೊಟ್ಟಿಯ ಇರಚಲು ಹೊಡೆಯುವ ಬದಿಗೆ ಪ್ಲಾಸ್ಟಿಕ್ ಪರದೆ ಇಳಿಬಿಟ್ಟೆವು. ಚೆಂದ ಕಾಣುವುದಿಲ್ಲ, ನಿಜ. ಕಾರ್ತಿಕಕ್ಕೆ ಸುತ್ತಿಡಬಹುದು.

ಹೊಸಿಲು ಕತ್ತರಿಸುವ ಮಾತು ನಾನು ಎತ್ತಲಿಲ್ಲ. ಅದನ್ನು ಈ ಮನೆಯಲ್ಲಿ ಯಾರೂ ಎತ್ತಲಾರರು. ಹೆಬ್ಬಾಗಿಲಿನ ಎರಡೂ ಬದಿಗೆ ನಿಂತ ಹಿಡಿಕೆ ಹಾಕಿಸಿ, ಹೊಸಿಲಿಗೆ ಕೆಂಪು ಪೈಂಟು, ಅಂಚಿಗೆ ಬಿಳಿ ಗೆರೆ ಎಳೆಸಿದೆವು. ಶಾಸ್ತ್ರಕ್ಕೂ ಆಯಿತು.

ರಾತ್ರಿಯ ವಿಷಯ ಬಂದಾಗ ದೊಡ್ಡಪ್ಪ ಪೇಪರ್ ಅಡ್ಡ ಹಿಡಿದುಕೊಂಡರು. ರಾತ್ರಿ ಮೂರು ಸಲ ಎದ್ದು, ಮಲಗುವ ಕೋಣೆಯಿಂದ ಎರಡು ಹೊಸಿಲು, ತೊಟ್ಟಿಯ ಒದ್ದೆ ಅಂಚು, ಅಡುಗೆಮನೆ ದಾಟಿ ಹಿತ್ತಲಿಗೆ ಹೋಗುತ್ತಾರೆ. ಮಳೆಗಾಲದಲ್ಲಿ ಇಲ್ಲಿ ಮರ ಬಿದ್ದು ಕರೆಂಟು ಹೋದರೆ ಎರಡು ಮೂರು ದಿನವೂ ಇಲ್ಲ. ಬಿ.ಪಿ. ಮಾತ್ರೆ ಬೇರೆ. ಮಲಗಿದ್ದಾಗ ಅವರ ಬಿ.ಪಿ. ನೋಡಿದೆ, ಎದ್ದು ನಿಂತ ಮೇಲೆ ಮೂರು ನಿಮಿಷದೊಳಗೆ ಮತ್ತೆ ನೋಡಿದೆ. ಮೇಲಿನ ಅಂಕಿ 24 ಇಳಿದಿತ್ತು. 20ಕ್ಕಿಂತ ಹೆಚ್ಚು ಇಳಿಯುತ್ತಿದ್ದರೆ ಡಾಕ್ಟರಿಗೆ ಹೇಳಲೇಬೇಕು. ಎದ್ದ ತಕ್ಷಣ ಕಣ್ಣು ಕತ್ತಲೆ ಬರುವುದು ಇದಕ್ಕೇ. ಮಾತ್ರೆಯನ್ನು ನಾವೇ ನಿಲ್ಲಿಸಬಾರದು, ಅದು ಇನ್ನೂ ದೊಡ್ಡ ಅಪಾಯ. ತೀರ್ಥಹಳ್ಳಿಯ ಡಾಕ್ಟರು ಎಲ್ಲ ಮಾತ್ರೆಯ ಚೀಟಿ ಹರಡಿಕೊಂಡು ನೋಡಿ, ಒಂದರ ಹೊತ್ತು ಬದಲಿಸಿದರು, ನಿದ್ದೆಗೆಂದು ಯಾವಾಗಲೋ ಶುರುವಾಗಿ ಹಾಗೇ ಉಳಿದಿದ್ದ ಇನ್ನೊಂದನ್ನು ನಿಧಾನವಾಗಿ ಇಳಿಸಿ ಬಿಡಿಸುವುದು ಹೇಗೆಂದು ಬರೆದುಕೊಟ್ಟರು.

ಮಂಚದ ಪಕ್ಕ ರಾತ್ರಿಗೆ ಪಾಟ್ ಇಟ್ಟುಕೊಳ್ಳಿ ಅಂದರೆ ದೊಡ್ಡಪ್ಪ ಒಪ್ಪಲಿಲ್ಲ. "ನಾನೇನು ರೋಗಿಯಾ?" ಅಂದರು. ನಾನು ಒತ್ತಾಯಿಸಲಿಲ್ಲ. ಮರುದಿನ ರಾತ್ರಿ ಸುರಿದ ಮಳೆಗೆ ಹಿತ್ತಲ ಬಾಗಿಲು ತೆಗೆಯುವ ಹಾಗೇ ಇರಲಿಲ್ಲ. ಬೆಳಗ್ಗೆ ಅವರಾಗಿಯೇ, "ಅದೆಷ್ಟಕ್ಕೆ ಸಿಗುತ್ತೆ ಮಾರಾಯ್ತಿ?" ಅಂತ ಕೇಳಿದರು. ಅದರ ಜೊತೆಗೆ ಕರೆಂಟು ಹೋದರೆ ತಾನೇ ಹತ್ತಿಕೊಳ್ಳುವ ಚಾರ್ಜಿಂಗ್ ಬಲ್ಬು ಮೂರು, ತಲೆದಿಂಬಿನ ಪಕ್ಕ ಒಂದು ಟಾರ್ಚು. ಎಚ್ಚರವಾದರೆ ತಟ್ಟನೆ ಏಳದೆ ಮಂಚದ ಅಂಚಿನಲ್ಲಿ ಎರಡು ನಿಮಿಷ ಕೂತು, ಪಾದ ನಾಲ್ಕು ಸಲ ಆಡಿಸಿ, ಆಮೇಲೆ ಎದ್ದು ನಿಲ್ಲುವುದು. ಇದನ್ನು ಮಾತ್ರ ದೊಡ್ಡಪ್ಪ ಮೊದಲ ದಿನದಿಂದಲೇ ಪಾಲಿಸಿದರು.

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಬಚ್ಚಲುಮನೆ. ಹಂಡೆ ಒಲೆ, ಹೊಗೆ, ಮಸಿ ಹಿಡಿದ ಗೋಡೆ, ಒಂದೇ ಒಂದು ಗವಾಕ್ಷಿ. ಕಲ್ಲುಚಪ್ಪಡಿಯ ನೆಲದ ಮೇಲೆ ವರ್ಷಗಟ್ಟಲೆಯ ಎಣ್ಣೆಸ್ನಾನದ ಜಿಡ್ಡು, ಅದರ ಮೇಲೆ ಸೀಗೆಪುಡಿ. ಆಸ್ಪತ್ರೆಯಲ್ಲಿ ನಾವು ಸಲೀಸಾಗಿ ಹೇಳುತ್ತೇವೆ, ಗೋಡೆಗೆ ಸ್ಟೀಲಿನ ಹಿಡಿಕೆ ಹಾಕಿಸಿ ಅಂತ. ಇದು ಮಣ್ಣಿನ ಗೋಡೆ. ಬಡಗಿ ಬಂದು ಒಂದು ಮೊಳೆ ಹೊಡೆದು ತೋರಿಸಿದ, ಬೆರಳಲ್ಲಿ ಎಳೆದರೆ ಮಣ್ಣಿನ ಸಮೇತ ಬಂತು. ಮನುಷ್ಯರ ಭಾರ ಹೊರದ ಹಿಡಿಕೆ ಇಲ್ಲದಿರುವುದೇ ಮೇಲು, ನಂಬಿ ಹಿಡಿದವರನ್ನು ಕೈಬಿಡುತ್ತದೆ. ಟವೆಲ್ ಹಾಕುವ ಸರಳನ್ನು ಹಿಡಿಯುವವರೂ ಇದನ್ನು ನೆನಪಿಡಬೇಕು. ಕೊನೆಗೆ ಬಡಗಿಯೇ ದಾರಿ ಹೇಳಿದ. ನೆಲದಿಂದ ಮೇಲಿನ ತೊಲೆಯವರೆಗೆ ಎರಡು ಮರದ ಕಂಬ ನಿಲ್ಲಿಸಿ, ನಡುವೆ ಅಡ್ಡ ಗಳ. ಮತ್ತೆ ಕಂಬಕ್ಕೇ ಬಂದೆವು!

ಕೂತು ಸ್ನಾನ ಮಾಡಲು ಇದ್ದದ್ದು ನಾಲ್ಕಿಂಚಿನ ಮಣೆ. ಅಷ್ಟು ತಗ್ಗಿನಿಂದ ಒದ್ದೆ ನೆಲದಲ್ಲಿ ಏಳುವುದು ಕಷ್ಟ. ಮೊಳಕಾಲಿನೆತ್ತರದ ಅಗಲ ಕಾಲಿನ ಮರದ ಸ್ಟೂಲು ಮಾಡಿಸಿ ಕಾಲಿಗೆ ರಬ್ಬರ್ ಹೊಡೆಸಿದೆವು. ಎಣ್ಣೆ ಹಚ್ಚಿಕೊಳ್ಳುವುದು ಬಚ್ಚಲಲ್ಲಿ ಬೇಡ, ಜಗಲಿಯಲ್ಲಿ. ಅಂಗಾಲಿಗೆ ಮಾತ್ರ ಬೇಡವೇ ಬೇಡ. "ಅಂಗಾಲಿಗೆ ಎಣ್ಣೆ ಹಚ್ಚಿದ್ರೆ ಕಣ್ಣಿಗೆ ತಂಪು" ಅಂದರು ದೊಡ್ಡಮ್ಮ. ರಾತ್ರಿ ಮಂಚದ ಮೇಲೆ ಕೂತು ಹಚ್ಚಿ, ಒರೆಸಿ, ಆಮೇಲೆ ಇಳಿಯುವುದು ಅಂತ ತೀರ್ಮಾನ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಬಾರದು ಅನ್ನುವುದಕ್ಕೆ ಇಬ್ಬರೂ ನಾಚಿಕೊಂಡರೂ ಒಪ್ಪಿದರು.

ಇಷ್ಟೆಲ್ಲ ಮರಮುಟ್ಟು ಮಾಡಿದರೂ ಕಾಲಲ್ಲಿ ಬಲ ಇಲ್ಲದಿದ್ದರೆ ವ್ಯರ್ಥ. ತೊಟ್ಟಿಯ ಕಂಬ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು ಹತ್ತು ಸಲ. ಕಂಬ ಹಿಡಿದೇ ಒಂದು ಕಾಲಲ್ಲಿ ಹತ್ತು ಎಣಿಸುವ ತನಕ ನಿಲ್ಲುವುದು, ಆಮೇಲೆ ಇನ್ನೊಂದು ಕಾಲು. ಗಟ್ಟಿ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಮೊದಲು ಐದು, ಮುಂದೆ ಹತ್ತು. ದೊಡ್ಡಪ್ಪನಿಗೆ ಐದನೆಯದಕ್ಕೇ ತೊಡೆ ನಡುಗಿತು. ಆದರೂ ಬಿಡಲಿಲ್ಲ, ಸಂಜೆ ರೇಡಿಯೋ ಹಾಕಿಕೊಂಡು ಇಬ್ಬರೂ ಎದುರು ಬದುರು ಕಂಬ ಹಿಡಿದು ನಿಲ್ಲುತ್ತಿದ್ದರು. ನೋಡಲು ಯಕ್ಷಗಾನದ ಪೂರ್ವರಂಗದ ಹಾಗಿತ್ತು.

ಬಿದ್ದರೆ ಏನು ಮಾಡಬೇಕು ಅನ್ನುವುದನ್ನೂ ಜಮಖಾನದ ಮೇಲೆ ಕಲಿಸಿದೆ. ಗಾಬರಿಯಲ್ಲಿ ಏಳಬಾರದು. ಉಸಿರು ತಗೊಂಡು ಎಲ್ಲಿ ನೋವು ನೋಡಿಕೊಳ್ಳಬೇಕು. ನೋವಿಲ್ಲದಿದ್ದರೆ ಪಕ್ಕಕ್ಕೆ ಹೊರಳಿ, ಅಂಬೆಗಾಲಲ್ಲಿ ಗಟ್ಟಿಯಾದ ಬೆಂಚಿನ ಹತ್ತಿರ ಹೋಗಿ, ಎರಡೂ ಕೈ ಊರಿ, ಒಂದು ಪಾದ ಮುಂದಿಟ್ಟು ಏಳಬೇಕು. ತೊಡೆಸಂದಿಯಲ್ಲಿ ನೋವಿದ್ದು ಒಂದು ಕಾಲು ಗಿಡ್ಡವಾಗಿ ಹೊರಗೆ ತಿರುಗಿದ ಹಾಗೆ ಕಂಡರೆ ಯಾರೂ ರಟ್ಟೆ ಹಿಡಿದು ಎಬ್ಬಿಸಬಾರದು, 108ಕ್ಕೆ ಫೋನ್. ಫೋನ್ ಅಂದರೆ ಇಲ್ಲಿ ಇನ್ನೊಂದು ಕಥೆ. ನೆಟ್‌ವರ್ಕ್ ಸಿಗುವುದು ಅಡಿಕೆ ಒಣಗಿಸುವ ಅಂಗಳದ ಮೂಲೆಯಲ್ಲಿ ಮಾತ್ರ. ಕೂಗಿದರೆ ಪಕ್ಕದ ಮನೆಗೆ ಕೇಳುತ್ತದೆ, ಮಳೆ ಬಂದರೆ ಕೇಳುವುದಿಲ್ಲ. ಹಾಗಾಗಿ ದೊಡ್ಡಮ್ಮನ ಸೊಂಟದ ಬೀಗದಕೈ ಗೊಂಚಲಿಗೆ ಒಂದು ಪೊಲೀಸ್ ಸೀಟಿ ಸೇರಿತು. ಬೆಳಗ್ಗೆ ಹಾಲು ಕೊಡಲು ಪಕ್ಕದ ಮನೆಗೆ ಹೋಗುವ ಆಳು ಎರಡೂ ಮನೆಯ ಸುದ್ದಿ ಮುಟ್ಟಿಸಬೇಕು, ಅವನು ಬರದ ದಿನ ಆ ಮನೆಯವರೇ ಬಂದು ಇಣುಕಬೇಕು.

ಒಪ್ಪದೇ ಉಳಿದದ್ದು ಅಟ್ಟ. ಉಪ್ಪಿನಕಾಯಿ ಜಾಡಿ, ಹಪ್ಪಳದ ಡಬ್ಬ, ಹಲಸಿನ ಬೀಜ ಎಲ್ಲ ಕೆಳಗಿನ ಬೀರುವಿಗೆ ಇಳಿಸಿದೆವು. ಆದರೂ ಏಣಿ ತೆಗೆಯಲು ದೊಡ್ಡಮ್ಮ ಬಿಡಲಿಲ್ಲ. "ಯಾರಾದ್ರೂ ಇದ್ದಾಗ ಮಾತ್ರ ಹತ್ತುತೀನಿ" ಅಂದರು. ನನಗೆ ನಂಬಿಕೆ ಇಲ್ಲ. ಅಣ್ಣನಿಗೆ ಅದನ್ನೂ ಹೇಳಿದೆ.

ಅವನಿಗೆ ಫೋನ್ ಮಾಡಿದ್ದು ಆರನೇ ದಿನ, ಅಡಿಕೆ ಅಂಗಳದ ಮೂಲೆಯಲ್ಲಿ ಕೊಡೆ ಹಿಡಿದು ನಿಂತು. ದೊಡ್ಡಮ್ಮ ಪಕ್ಕದಲ್ಲೇ ಇದ್ದರು. ಜ್ಯೇಷ್ಠದಲ್ಲಿ ಬಿದ್ದದ್ದನ್ನು ಮೊದಲು ಹೇಳಿದೆ. ಅವನು ಸಿಟ್ಟಾದ, ಆಮೇಲೆ ಸುಮ್ಮನಾದ. ಉಳಿದದ್ದೆಲ್ಲ ಹೇಳಿ, "ಇವರ ಕಾಲಿಗಿಂತ ಅಪ್ಪನ ಕಾಲಿನ ಬಗ್ಗೆ ಯೋಚನೆ ಮಾಡು, ಮೂರು ತಿಂಗಳು ಬಿಟ್ಟು ಬಂದು ನೀನೇ ಕುರ್ಚಿ ಇಟ್ಟು ಸೆಕೆಂಡ್ ಎಣಿಸು, ನಿಮ್ಮ ಫ್ಲಾಟಿನ ಬಾತ್‌ರೂಮಿಗೂ ಹಿಡಿಕೆ ಹಾಕಿಸು" ಅಂದೆ. ದೀಪಾವಳಿಗೆ ಬರುತ್ತೇನೆ, ಆಗ ನೋಡೋಣ ಅಂದ. ಹಸುವಿನ ಮಾತು ಬರಲಿಲ್ಲ.

ನಾನು ಹೊರಡುವ ದಿನ ಬಡಗಿ ಬಚ್ಚಲಿನ ಅಡ್ಡಗಳ ಕೂರಿಸಲು ಬಂದ. ಎಷ್ಟೆತ್ತರಕ್ಕೆ ಅಂತ ಕೇಳಿದ. ಪುಸ್ತಕದಲ್ಲಿ ಒಂದು ಅಳತೆ ಇರುತ್ತದೆ, ಆದರೆ ಹಿಡಿಯುವವರು ಎದುರಿಗೇ ಇದ್ದರಲ್ಲ. ಕೈ ಸುಮ್ಮನೆ ಇಳಿಬಿಟ್ಟರೆ ಮಣಿಕಟ್ಟು ಎಲ್ಲಿಗೆ ಬರುತ್ತದೋ ಅಲ್ಲಿಗೆ ಅಂದೆ. ದೊಡ್ಡಮ್ಮ ಕಂಬಕ್ಕೆ ಒರಗಿ ನೇರ ನಿಂತು ಕೈ ಇಳಿಬಿಟ್ಟರು. ಹೋದ ವರ್ಷ ಮುರಿದಿದ್ದ ಅದೇ ಎಡಗೈ. ಬಡಗಿ ಕಿವಿಯಿಂದ ಪೆನ್ಸಿಲ್ ತೆಗೆದು ಗುರುತು ಹಾಕಿದ. "ಅವರಿಗೆ ಇನ್ನೊಂದು ಸ್ವಲ್ಪ ಮೇಲೆ ಬೇಕಾಗುತ್ತೆ, ಅವರು ಉದ್ದ" ಅಂತ ದೊಡ್ಡಮ್ಮ ಒಳಗೆ ಹೋಗಿ ದೊಡ್ಡಪ್ಪನನ್ನು ಕರೆದುಕೊಂಡು ಬಂದರು. ಎರಡು ಗಳ ಹಾಕುವುದು ಅಂತಾಯಿತು.